ಐವತ್ತರ ಕಾವಲು

2020ರ ಏಪ್ರಿಲ್ 5, ಭಾನುವಾರ. ಲಾಕ್‌ಡೌನಿನ ಮೊದಲ ವಾರಗಳು. ರಾತ್ರಿ 9 ಗಂಟೆಗೆ ಮನೆಯ ದೀಪಗಳನ್ನೆಲ್ಲ ಆರಿಸಿ, 9 ನಿಮಿಷ ಹಣತೆ ಹಚ್ಚಿಡಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ಫ್ಯಾನು, ಫ್ರಿಜ್ಜುಗಳನ್ನು ಆರಿಸಬೇಡಿ, ದೀಪ ಮಾತ್ರ ಸಾಕು ಎಂದು ವಿದ್ಯುತ್ ಇಲಾಖೆ ಮತ್ತೆ ಮತ್ತೆ ಕೇಳಿಕೊಂಡಿತ್ತು. ದೇಶದ ವಿದ್ಯುತ್ ಜಾಲವನ್ನು ನಡೆಸುವ ಎಂಜಿನಿಯರುಗಳು ಎರಡು ದಿನದಿಂದ ಲೆಕ್ಕ ಹಾಕುತ್ತ ಕೂತಿದ್ದರು. ಕೋಟ್ಯಂತರ ಮನೆಗಳ ದೀಪ ಒಟ್ಟಿಗೇ ಆರಿದರೆ ಬೇಡಿಕೆ ಎಷ್ಟು ಕುಸಿಯಬಹುದು? ಕುಸಿದದ್ದು ಮತ್ತೆ ಒಮ್ಮೆಲೇ ಏರಿದರೆ ಏನು ಗತಿ?

8:45ಕ್ಕೇ ಜನ ಸ್ವಿಚ್ಚಿಗೆ ಕೈ ಹಾಕಿದರು. 9:10ರ ಹೊತ್ತಿಗೆ ದೇಶದ ಬೇಡಿಕೆ 31,089 ಮೆಗಾವಾಟ್ ಇಳಿದಿತ್ತು. ಅದು ಮೊದಲೇ ಮಾಡಿಕೊಂಡಿದ್ದ ಅಂದಾಜಿನ ಎರಡು ಪಟ್ಟಿಗೂ ಹೆಚ್ಚು. ನಮ್ಮ ರಾಯಚೂರು ಶಾಖೋತ್ಪನ್ನ ಕೇಂದ್ರದಂಥ 18 ಕೇಂದ್ರಗಳ ಪೂರ್ತಿ ಉತ್ಪಾದನೆ ಇಪ್ಪತ್ತೈದೇ ನಿಮಿಷದಲ್ಲಿ ಯಾರಿಗೂ ಬೇಡವಾದಂತೆ. ಕಲ್ಲಿದ್ದಲಿನ ಬಾಯ್ಲರನ್ನು ಅಷ್ಟು ಬೇಗ ತಣಿಸಲು ಆಗುವುದಿಲ್ಲ, ತಣಿಸಿದರೆ ಮತ್ತೆ ಹತ್ತು ನಿಮಿಷದಲ್ಲಿ ಕಾಯಿಸಲೂ ಆಗುವುದಿಲ್ಲ. ಆ ರಾತ್ರಿ ಜಾಲವನ್ನು ಕಾಪಾಡಿದ್ದು ಮುಖ್ಯವಾಗಿ ನೀರು. ದೇಶದ ಜಲವಿದ್ಯುತ್ ಕೇಂದ್ರಗಳು ಸುಮಾರು 25,500 ಮೆಗಾವಾಟ್‌ನಿಂದ 8,000ಕ್ಕೆ ಇಳಿದವು. ಜನ ದೀಪ ಹಾಕತೊಡಗಿದಂತೆ ಹದಿನೈದಿಪ್ಪತ್ತು ನಿಮಿಷದಲ್ಲಿ ಮತ್ತೆ 19,000ಕ್ಕೆ ಏರಿದವು. ಎಲ್ಲೂ ಜಾಲ ಬೀಳಲಿಲ್ಲ.

ನದಿಯ ನೀರು ನವೀಕರಿಸಬಹುದಾದ ಇಂಧನ. ಅಂದರೆ ನಮ್ಮ ದೇಶ ಕಂಡ ದೊಡ್ಡ ವಿದ್ಯುತ್ ಪರೀಕ್ಷೆಗಳಲ್ಲೊಂದನ್ನು ದಾಟಿಸಿದ್ದು ನವೀಕರಿಸಬಹುದಾದ ಇಂಧನವೇ. ಆದರೂ ಬಿಸಿಲು, ಗಾಳಿಯ ಮಾತು ಬಂದಾಗ ನಾವು ಕೇಳುವುದು ಬೇರೆಯೇ ಮಾತು: ಮೋಡ ಮುಚ್ಚಿದರೆ ಸೋಲಾರ್ ಇಲ್ಲ, ಗಾಳಿ ನಿಂತರೆ ಕರೆಂಟ್ ಇಲ್ಲ, ಇವು ಹೆಚ್ಚಿದಷ್ಟೂ ಜಾಲ ಅಲುಗಾಡುತ್ತದೆ. ಈ ಅಂಜಿಕೆಗೆ ಆಧಾರವಿಲ್ಲದಿಲ್ಲ. ಆದರೆ ಅದು ಅರ್ಧ ಸತ್ಯ. ನೀರು ಆ ರಾತ್ರಿ ಮಾಡಿದ ಕೆಲಸವನ್ನು ಬಿಸಿಲು, ಗಾಳಿ, ಬ್ಯಾಟರಿಗಳೂ ಮಾಡಬಲ್ಲವು, ಕೆಲವೊಮ್ಮೆ ಇನ್ನೂ ಚುರುಕಾಗಿ ಮಾಡಬಲ್ಲವು. ಹಾಗೆ ಮಾಡಿ ಎಂದು ನಾವು ಅವುಗಳಿಗೆ ಹೇಳಬೇಕು, ಮಾಡಿದ್ದಕ್ಕೆ ಬೆಲೆ ಕೊಡಬೇಕು, ಅಷ್ಟೇ. ಅದನ್ನು ನಂಬಬೇಕಾದರೆ ಮೊದಲು ಜಾಲ ಸ್ಥಿರವಾಗಿರುವುದು ಎಂದರೇನು ಎಂದು ತಿಳಿಯಬೇಕು.

ಒಂದೇ ಲಯ

ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ತಂತಿಯಲ್ಲೇ ಕೂಡಿಡಲು ಆಗುವುದಿಲ್ಲ. ಈ ಕ್ಷಣ ಎಷ್ಟು ಬಳಕೆಯಾಗುತ್ತಿದೆಯೋ ಈ ಕ್ಷಣವೇ ಅಷ್ಟು ಉತ್ಪಾದನೆಯಾಗಬೇಕು. ನೀವು ಮಿಕ್ಸಿ ಹಾಕಿದಿರೆಂದರೆ ಎಲ್ಲೋ ಒಂದು ಟರ್ಬೈನು ಅಷ್ಟು ಹೆಚ್ಚು ದುಡಿಯಲೇಬೇಕು. ಈ ತಕ್ಕಡಿ ಸಮವಾಗಿದೆಯೇ ಎಂದು ತೋರಿಸುವ ಒಂದೇ ಒಂದು ಅಂಕಿ ಇದೆ, ಅದು ಆವರ್ತನ. ನಮ್ಮ ಮನೆಗೆ ಬರುವ ಎ.ಸಿ. ಕರೆಂಟು ಸೆಕೆಂಡಿಗೆ 50 ಆವರ್ತ ಪೂರೈಸುತ್ತದೆ; ಅದು 50 ಹರ್ಟ್ಸ್. ಈ 50 ಪ್ರಕೃತಿ ನಿಯಮವೇನಲ್ಲ, ಮನುಷ್ಯರು ಮಾಡಿಕೊಂಡ ಒಪ್ಪಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 25 ಆವರ್ತದ್ದಾಗಿತ್ತು.

ಬೀಸುಕಲ್ಲನ್ನು ನೆನೆಸಿಕೊಳ್ಳಿ. ಒಂದೇ ವೇಗದಲ್ಲಿ ತಿರುಗುತ್ತಿರುವ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹೆಚ್ಚಿಗೆ ಸುರಿದರೆ ಕಲ್ಲು ತುಸು ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಬೀಸುವವರ ಕೈ ಎಚ್ಚೆತ್ತು ಇನ್ನಷ್ಟು ಬಲ ಹಾಕುವವರೆಗೆ ಕಲ್ಲಿನ ಭಾರವೇ ಅದನ್ನು ಮುಂದಕ್ಕೆ ಒಯ್ಯುತ್ತದೆ. ವಿದ್ಯುತ್ ಜಾಲದಲ್ಲೂ ಹೀಗೆಯೇ. ರಾಗಿ ಎಂದರೆ ನಮ್ಮ ಬೇಡಿಕೆ, ಕಲ್ಲಿನ ವೇಗ ಎಂದರೆ ಆವರ್ತನ, ಕಲ್ಲಿನ ಭಾರ ಎಂದರೆ ಜಡತ್ವ, ಕೈಯ ಬಲ ಎಂದರೆ ಟರ್ಬೈನಿಗೆ ಹೋಗುವ ಉಗಿ ಅಥವಾ ನೀರು.

ಕಲ್ಲಿದ್ದಲು ಕೇಂದ್ರದ ಟರ್ಬೈನು ಮತ್ತು ಜನರೇಟರು ಸೇರಿ ನೂರಾರು ಟನ್ ಉಕ್ಕು ನಿಮಿಷಕ್ಕೆ 3,000 ಸುತ್ತಿನಂತೆ ತಿರುಗುತ್ತಿರುತ್ತದೆ. ಆ ತಿರುಗಾಟದಲ್ಲೇ ಅಡಗಿರುವ ಶಕ್ತಿ ಆ ಘಟಕದ ಪೂರ್ಣ ಉತ್ಪಾದನೆಯನ್ನು ನಾಲ್ಕಾರು ಸೆಕೆಂಡು ನಡೆಸುವಷ್ಟು ಇರುತ್ತದೆ. ಎಲ್ಲೋ ಒಂದು ದೊಡ್ಡ ಘಟಕ ಟ್ರಿಪ್ ಆದ (ಹಠಾತ್ತನೆ ಜಾಲದಿಂದ ಕಳಚಿಕೊಂಡ) ಕ್ಷಣ ಉಳಿದೆಲ್ಲ ಟರ್ಬೈನುಗಳು ತಮ್ಮ ವೇಗದಲ್ಲಿ ಚೂರು ಬಿಟ್ಟುಕೊಟ್ಟು ಆ ಕೊರತೆ ತುಂಬುತ್ತವೆ. ಯಾರೂ ಆಜ್ಞೆ ಮಾಡಬೇಕಿಲ್ಲ, ಭೌತವಿಜ್ಞಾನದ ನಿಯಮವೇ ಅದನ್ನು ಮಾಡಿಸುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಗವರ್ನರ್ ಎಂಬ ನಿಯಂತ್ರಕ ಎಚ್ಚೆತ್ತು ಉಗಿಯ ಕವಾಟವನ್ನೋ ನೀರಿನ ಬಾಗಿಲನ್ನೋ ತೆರೆಯುತ್ತದೆ. ಆಮೇಲೆ ನಿಮಿಷಗಳ ಲೆಕ್ಕದಲ್ಲಿ ನಿಯಂತ್ರಣ ಕೇಂದ್ರದ ಎಂಜಿನಿಯರುಗಳು ಯಾರು ಎಷ್ಟು ಹೆಚ್ಚಿಸಬೇಕೆಂದು ಹಂಚುತ್ತಾರೆ. ಸ್ಥಿರತೆ ಎಂಬುದು ಹೀಗೆ ಮೂರು ಸಾಲಿನ ಕಾವಲು: ಮೊದಲ ಸೆಕೆಂಡಿಗೆ ಜಡತ್ವ, ಮುಂದಿನ ಸೆಕೆಂಡುಗಳಿಗೆ ಗವರ್ನರ್, ಆಮೇಲಿನ ನಿಮಿಷಗಳಿಗೆ ನಿಯಂತ್ರಣ ಕೇಂದ್ರ.

ಈ ಲಯ ಒಂದು ಊರಿನದ್ದಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲ ಕುಸಿದು, ಎರಡನೆಯ ದಿನ 60 ಕೋಟಿ ಜನರಿರುವ ಪ್ರದೇಶ ಕತ್ತಲಾದಾಗ ದಕ್ಷಿಣ ಭಾರತ ಪಾರಾಯಿತು. ಆಗ ನಮ್ಮ ಜಾಲ ಉತ್ತರದ ಲಯಕ್ಕೆ ಸೇರಿರಲಿಲ್ಲ, ಡಿ.ಸಿ. ಕೊಂಡಿಗಳ ಮೂಲಕ ಕೊಡುಕೊಳ್ಳುವಿಕೆ ಮಾತ್ರ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲನೆಯಾಗಿ ಇಡೀ ದೇಶ ಒಂದೇ ಲಯಕ್ಕೆ ಬಂತು. ಅಂದಿನಿಂದ ಶರಾವತಿಯ ಟರ್ಬೈನೂ ಹಿಮಾಚಲದ ಟರ್ಬೈನೂ ಒಂದೇ ಆವರ್ತನಕ್ಕೆ ಕಟ್ಟುಬಿದ್ದಿವೆ. ಅದನ್ನು 49.90 ಮತ್ತು 50.05 ಹರ್ಟ್ಸ್ ನಡುವೆ ಇಟ್ಟುಕೊಳ್ಳಬೇಕೆಂಬುದು ನಮ್ಮ ಗ್ರಿಡ್ ಸಂಹಿತೆಯ ನಿಯಮ. 2020ರ ಆ ರಾತ್ರಿ ಅದು 49.70ರಿಂದ 50.26ರವರೆಗೆ ಓಲಾಡಿತು ಎಂದರೆ ಪರೀಕ್ಷೆ ಎಷ್ಟು ಕಠಿಣವಾಗಿತ್ತೆಂದು ತಿಳಿಯುತ್ತದೆ.

ಈಗ ಸೋಲಾರಿಗೆ ಬರೋಣ. ಸೋಲಾರ್ ಫಲಕದಲ್ಲಿ ತಿರುಗುವ ಭಾಗವೇ ಇಲ್ಲ. ಅದು ಕೊಡುವ ಡಿ.ಸಿ. ಕರೆಂಟನ್ನು ಇನ್ವರ್ಟರ್ ಎಂಬ ಎಲೆಕ್ಟ್ರಾನಿಕ್ ಯಂತ್ರ ಎ.ಸಿ. ಮಾಡಿ ಜಾಲಕ್ಕೆ ಕೊಡುತ್ತದೆ. ಇಂದಿನ ಗಾಳಿಯಂತ್ರಗಳ ರೆಕ್ಕೆ ತಿರುಗುತ್ತದಾದರೂ ಬಹುಪಾಲು ಯಂತ್ರಗಳಲ್ಲಿ ರೆಕ್ಕೆಗೂ ಜಾಲಕ್ಕೂ ನಡುವೆ ಎಲೆಕ್ಟ್ರಾನಿಕ್ಸ್ ಇರುವುದರಿಂದ ಆ ತಿರುಗಾಟ ಜಾಲದ ಲಯಕ್ಕೆ ನೇರವಾಗಿ ಬೆಸೆದಿರುವುದಿಲ್ಲ. ಕಲ್ಲಿದ್ದಲು ಘಟಕಗಳು ನಿಂತು ಸೋಲಾರ್ ತುಂಬಿಕೊಂಡ ಮಧ್ಯಾಹ್ನ ಜಾಲದ ಒಟ್ಟು ಜಡತ್ವ ಕಡಿಮೆಯಾಗುತ್ತದೆ. ಅದೇ ಪೆಟ್ಟಿಗೆ ಆವರ್ತನ ಇನ್ನಷ್ಟು ವೇಗವಾಗಿ ಕುಸಿಯುತ್ತದೆ. ಅಂಜಿಕೆಯ ನಿಜವಾದ ಬೇರು ಇದು. ಮೋಡವಲ್ಲ. ಮೋಡ ಬರುವುದನ್ನು ಉಪಗ್ರಹ ಮೊದಲೇ ಹೇಳುತ್ತದೆ, ಘಟಕವೊಂದು ಟ್ರಿಪ್ ಆಗುವುದನ್ನು ಯಾರೂ ಮೊದಲೇ ಹೇಳುವುದಿಲ್ಲ.

ದಕ್ಷಿಣ ಆಸ್ಟ್ರೇಲಿಯಾದ ಆ ಸಂಜೆ

ಈ ಅಂಜಿಕೆ ನಿಜವಾಯಿತೆಂದು ಜಗತ್ತು ನಂಬಿದ್ದು 2016ರ ಸೆಪ್ಟೆಂಬರ್ 28ರಂದು. ದಕ್ಷಿಣ ಆಸ್ಟ್ರೇಲಿಯಾ ಸುಮಾರು 17 ಲಕ್ಷ ಜನರ ರಾಜ್ಯ, ಅಡಿಲೇಡ್ ಅದರ ರಾಜಧಾನಿ. ಆ ವರ್ಷದ ಮೇ ತಿಂಗಳಲ್ಲಷ್ಟೇ ಪೋರ್ಟ್ ಅಗಸ್ಟಾದಲ್ಲಿದ್ದ ರಾಜ್ಯದ ಕೊನೆಯ ಕಲ್ಲಿದ್ದಲು ಕೇಂದ್ರ ಮುಚ್ಚಿತ್ತು. ಸೆಪ್ಟೆಂಬರ್ 28ರ ಸಂಜೆ ಸುಂಟರಗಾಳಿ ಬೀಸಿ ಮೂರು ಪ್ರಸರಣ ಮಾರ್ಗಗಳ 23 ಗೋಪುರಗಳನ್ನು ಉರುಳಿಸಿತು. ಎರಡು ನಿಮಿಷದಲ್ಲಿ ಜಾಲದ ವೋಲ್ಟೇಜ್ ಮತ್ತೆ ಮತ್ತೆ ಕುಸಿದೆದ್ದಿತು. ಆಗ ಒಂಬತ್ತು ಗಾಳಿ ವಿದ್ಯುತ್ ಕೇಂದ್ರಗಳು ಏಳು ಸೆಕೆಂಡಿನೊಳಗೆ 456 ಮೆಗಾವಾಟ್ ಉತ್ಪಾದನೆ ಇಳಿಸಿದವು. ಆ ಕೊರತೆ ತುಂಬಲು ನೆರೆಯ ವಿಕ್ಟೋರಿಯಾದಿಂದ ಬರುವ ಮುಖ್ಯ ಮಾರ್ಗದ ಮೇಲೆ ಒಮ್ಮೆಲೇ ಹೊರೆ ಬಿತ್ತು, ಅದೂ ಟ್ರಿಪ್ ಆಯಿತು. ಒಂಟಿಯಾದ ರಾಜ್ಯದಲ್ಲಿ ಆವರ್ತನ ಸೆಕೆಂಡಿಗೆ 6 ಹರ್ಟ್ಸ್‌ಗೂ ಹೆಚ್ಚಿನ ವೇಗದಲ್ಲಿ ಇಳಿಯಿತು. ಇಂಥ ಹೊತ್ತಿಗೆಂದೇ ಇರುವ ತುರ್ತು ಲೋಡ್ ಶೆಡ್ಡಿಂಗ್ ವ್ಯವಸ್ಥೆಗೆ ಕೆಲಸ ಮಾಡಲು ಸಮಯವೇ ಸಿಗಲಿಲ್ಲ. ಸುಮಾರು 8.5 ಲಕ್ಷ ಗ್ರಾಹಕರ ಕರೆಂಟು ಹೋಯಿತು, ಇಡೀ ರಾಜ್ಯ ಕತ್ತಲಾಯಿತು.

ಗಾಳಿಯನ್ನು ನಂಬಿದ್ದಕ್ಕೆ ಹೀಗಾಯಿತು ಎಂಬ ರಾಜಕೀಯ ಗದ್ದಲ ಕೂಡಲೇ ಎದ್ದಿತು. ಆದರೆ ಆಸ್ಟ್ರೇಲಿಯಾದ ಜಾಲ ನಿರ್ವಾಹಕ ಸಂಸ್ಥೆ ತಿಂಗಳುಗಟ್ಟಲೆ ತನಿಖೆ ಮಾಡಿ 2017ರ ಮಾರ್ಚಿನಲ್ಲಿ ಕೊಟ್ಟ ಅಂತಿಮ ವರದಿ ಬೇರೊಂದು ಸಂಗತಿ ಹೇಳಿತು. ಆ ಹೊತ್ತು ಗಾಳಿಗೆ ಕೊರತೆ ಇರಲಿಲ್ಲ. ಗಾಳಿ ಜೋರಾಯಿತೆಂದು ಯಂತ್ರಗಳು ನಿಂತದ್ದೂ ಮುಖ್ಯ ಕಾರಣವಲ್ಲ. ಆ ಯಂತ್ರಗಳ ನಿಯಂತ್ರಣ ತಂತ್ರಾಂಶದಲ್ಲಿ ಒಂದು ಮಿತಿ ಬರೆದಿತ್ತು: ಎರಡು ನಿಮಿಷದಲ್ಲಿ ವೋಲ್ಟೇಜ್ ಇಂತಿಷ್ಟಕ್ಕಿಂತ ಹೆಚ್ಚು ಸಲ ಕುಸಿದರೆ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳಲು ಹಿಂದೆ ಸರಿಯಬೇಕು. ಈ ಮಿತಿ ಇರುವುದು ಜಾಲ ನಡೆಸುವವರಿಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಅಂಕಿಯನ್ನು ಬದಲಿಸಲಾಯಿತು. ಯಂತ್ರ ಅದೇ, ರೆಕ್ಕೆ ಅದೇ. ಬದಲಾದದ್ದು ತಂತ್ರಾಂಶದ ಒಂದು ಸಾಲು.

ಈ ಅಧ್ಯಾಯದ ತಿರುಳು ಇದರಲ್ಲೇ ಇದೆ. ಟರ್ಬೈನಿನ ಸ್ವಭಾವವನ್ನು ಉಕ್ಕಿನ ಭಾರ ನಿರ್ಧರಿಸುತ್ತದೆ. ಇನ್ವರ್ಟರಿನ ಸ್ವಭಾವವನ್ನು ನಾವು ಬರೆದ ಸೂಚನೆಯೇ ಬಹುಪಾಲು ನಿರ್ಧರಿಸುತ್ತದೆ. ಕೆಟ್ಟ ಸೂಚನೆ ಕೊಟ್ಟರೆ ಅದು ಆಪತ್ತಿನ ಹೊತ್ತಿಗೆ ಓಡಿಹೋಗುತ್ತದೆ, ಒಳ್ಳೆಯ ಸೂಚನೆ ಕೊಟ್ಟರೆ ನಿಂತು ಕಾಯುತ್ತದೆ.

ಸೂಚನೆಯೇ ತಪ್ಪಿದ್ದಾಗ

ಜರ್ಮನಿ ಈ ಪಾಠವನ್ನು ಅನಾಹುತವಾಗುವ ಮೊದಲೇ ಕಲಿಯಿತು. ಅಲ್ಲಿನ ಚಾವಣಿ ಸೋಲಾರುಗಳಿಗೆಲ್ಲ ಒಂದೇ ಸೂಚನೆ ಇತ್ತು: ಆವರ್ತನ 50.2 ಹರ್ಟ್ಸ್ ಮುಟ್ಟಿದ ಕೂಡಲೇ ಜಾಲದಿಂದ ಕಳಚಿಕೊಳ್ಳಿ. ಸೋಲಾರ್ ಬೆರಳೆಣಿಕೆಯಷ್ಟಿದ್ದ ಕಾಲಕ್ಕೆ ಅದು ಸುರಕ್ಷಿತ ನಿಯಮವಾಗಿತ್ತು. ಆದರೆ ಲಕ್ಷಾಂತರ ಮನೆಗಳಿಗೆ ಸೋಲಾರ್ ಬಂದ ಮೇಲೆ, ಆವರ್ತನ ಚೂರು ಏರಿದ ಒಂದೇ ಕ್ಷಣದಲ್ಲಿ ಸಾವಿರಾರು ಮೆಗಾವಾಟ್ ಮಾಯವಾಗುವ ಅಪಾಯ ಎದುರಾಯಿತು. ಇಡೀ ಯುರೋಪ್ ಖಂಡದ ಜಾಲ ಇಂಥ ಆಪತ್ತಿಗೆಂದು ಕಾದಿಟ್ಟುಕೊಳ್ಳುವುದು 3,000 ಮೆಗಾವಾಟ್; ಜರ್ಮನಿಯ ಚಾವಣಿಗಳಲ್ಲಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. 2012ರಲ್ಲಿ ಕಾನೂನು ಮಾಡಿ ಮೂರು ಲಕ್ಷಕ್ಕೂ ಹೆಚ್ಚು ಸೋಲಾರ್ ಘಟಕಗಳ ಇನ್ವರ್ಟರುಗಳನ್ನು ಸರಿಪಡಿಸುವ ಕೆಲಸ ಕೈಗೆತ್ತಿಕೊಂಡರು. ಎಲ್ಲವೂ ಒಟ್ಟಿಗೆ ಓಡಿಹೋಗುವ ಬದಲು ಹಂತಹಂತವಾಗಿ ಹಿಂದೆ ಸರಿಯುವಂತೆ ಮಾಡಿದರು.

ಸ್ಪೇನ್ ತಡವಾಗಿ ಕಲಿಯಿತು. 2025ರ ಏಪ್ರಿಲ್ 28ರ ಮಧ್ಯಾಹ್ನ 12:33ಕ್ಕೆ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದವು. ಇಲ್ಲಿ ಮೊದಲು ಕೈಮೀರಿದ್ದು ಆವರ್ತನವಲ್ಲ, ವೋಲ್ಟೇಜ್. ಅದು ಏರುತ್ತಲೇ ಹೋಗಿ ಒಂದೊಂದೇ ಕೇಂದ್ರ ಕಳಚಿಕೊಂಡಿತು, ಒಂದು ಕಳಚಿದಂತೆ ವೋಲ್ಟೇಜ್ ಇನ್ನಷ್ಟು ಏರಿತು. ವೋಲ್ಟೇಜನ್ನು ಹಿಡಿದಿಡಬೇಕಾಗಿದ್ದ ಸಾಂಪ್ರದಾಯಿಕ ಕೇಂದ್ರಗಳು ಸಾಕಷ್ಟು ಹಿಡಿಯಲಿಲ್ಲ ಎಂದು ಅಲ್ಲಿನ ಸರ್ಕಾರದ ತನಿಖೆ ಹೇಳಿತು. ಸೋಲಾರ್, ಗಾಳಿ ಕೇಂದ್ರಗಳಿಗೆ ಆ ಶಕ್ತಿ ಇದ್ದರೂ 2014ರ ನಿಯಮದ ಪ್ರಕಾರ ಅವು ವೋಲ್ಟೇಜ್ ಏನೇ ಆದರೂ ಅದಕ್ಕೆ ಸ್ಪಂದಿಸದೆ ಒಂದೇ ನಿಗದಿತ ರೀತಿಯಲ್ಲಿ ವಿದ್ಯುತ್ ಕೊಡುತ್ತಿರಬೇಕಿತ್ತು. ಸಹಾಯ ಮಾಡಬಲ್ಲ ಸಾವಿರಾರು ಯಂತ್ರಗಳು ಕೈಕಟ್ಟಿ ನಿಂತಿದ್ದವು, ಏಕೆಂದರೆ ಹಾಗೆ ನಿಲ್ಲಿ ಎಂದೇ ನಿಯಮವಿತ್ತು. ಎರಡು ತಿಂಗಳೊಳಗೆ, ಆ ಜೂನ್‌ನಲ್ಲಿ, ಅಲ್ಲಿನ ನಿಯಂತ್ರಣ ಆಯೋಗ ನವೀಕರಿಸಬಹುದಾದ ಇಂಧನ ಕೇಂದ್ರಗಳೂ ವೋಲ್ಟೇಜ್ ಕಾಯುವ ಕೆಲಸ ಮಾಡಬಹುದೆಂದು ನಿಯಮ ಬದಲಿಸಿತು.

ಬಿಸಿಲು, ಗಾಳಿಗೆ ಕಲಿಸಿದ ಕೆಲಸ

ಹಾಗಾದರೆ ಒಳ್ಳೆಯ ಸೂಚನೆ ಕೊಟ್ಟರೆ ಇವು ನಿಜಕ್ಕೂ ಏನು ಮಾಡಬಲ್ಲವು? 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ಜಾಲ ನಿರ್ವಾಹಕರು, ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಮತ್ತು ಫಸ್ಟ್ ಸೋಲಾರ್ ಕಂಪನಿ ಸೇರಿ 300 ಮೆಗಾವಾಟ್‌ನ ಒಂದು ಸೋಲಾರ್ ಕೇಂದ್ರದ ಮೇಲೆ ಪ್ರಯೋಗ ಮಾಡಿದರು. ಮೊದಲು ಕೇಂದ್ರವನ್ನು ಅದರ ಶಕ್ತಿಗಿಂತ ತುಸು ಕೆಳಗೆ ನಡೆಸಿದರು. ಹೀಗೆ ಮೇಲಕ್ಕೆ ಏರಲೂ ಕೆಳಕ್ಕೆ ಇಳಿಯಲೂ ಜಾಗ ಸಿಕ್ಕಿತು. ಆಮೇಲೆ ನಾಲ್ಕು ಸೆಕೆಂಡಿಗೊಮ್ಮೆ ಬರುವ ಏರು–ಇಳಿ ಸಂಕೇತವನ್ನು ಅನುಸರಿಸುವಂತೆ ಹೇಳಿದರು. ವೇಗಕ್ಕೆ ಹೆಸರಾದ ಗ್ಯಾಸ್ ಟರ್ಬೈನುಗಳಿಗಿಂತಲೂ ಸೋಲಾರ್ ಕೇಂದ್ರ ಆ ಸಂಕೇತವನ್ನು ಹೆಚ್ಚು ನಿಖರವಾಗಿ ಪಾಲಿಸಿತು. ಕಾರಣ ಸರಳ. ಟರ್ಬೈನಿನಲ್ಲಿ ಕವಾಟ ತೆರೆಯಬೇಕು, ಉರಿ ಹೆಚ್ಚಬೇಕು, ಉಕ್ಕು ಅದಕ್ಕೆ ಹೊಂದಿಕೊಳ್ಳಬೇಕು. ಇನ್ವರ್ಟರಿನಲ್ಲಿ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ ಆನ್–ಆಫ್ ಆಗುತ್ತಿರುತ್ತವೆ, ಹೊಸ ಆಜ್ಞೆ ಪಾಲಿಸಲು ಅದಕ್ಕೆ ಅಲುಗಾಡಿಸಬೇಕಾದ ಭಾರವೇ ಇಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತ್ಯ ಗಾಳಿಯಂತ್ರಗಳಿಗೆ ಇನ್ನೊಂದು ಕೆಲಸ ಕಲಿಸಿತು. ಆವರ್ತನ ಕುಸಿದಾಗ ಯಂತ್ರ ತನ್ನ ತಿರುಗುವ ರೆಕ್ಕೆಗಳಲ್ಲಿರುವ ಶಕ್ತಿಯನ್ನು ಸುಮಾರು ಹತ್ತು ಸೆಕೆಂಡು ಹೆಚ್ಚಿಗೆ ಹೀರಿ ಜಾಲಕ್ಕೆ ಕೊಡಬೇಕೆಂದು ಅಲ್ಲಿನ ಹೈಡ್ರೋ ಕ್ವಿಬೆಕ್ ಸಂಸ್ಥೆ ನಿಯಮ ಮಾಡಿತು. ಹಾಗೆ ಕೊಟ್ಟ ಮೇಲೆ ರೆಕ್ಕೆಯ ವೇಗ ಕುಂದುತ್ತದೆ, ಅದು ಚೇತರಿಸಿಕೊಳ್ಳುವಾಗ ಉತ್ಪಾದನೆ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಇದು ಸಾಲವೇ ಹೊರತು ದಾನವಲ್ಲ. ಆದರೂ ಆಪತ್ತಿನ ಮೊದಲ ಸೆಕೆಂಡುಗಳಲ್ಲಿ ಸಿಗುವ ಸಾಲಕ್ಕೆ ದೊಡ್ಡ ಬೆಲೆ ಇದೆ.

ಇನ್ನು ರಾತ್ರಿ. ಕತ್ತಲಲ್ಲಿ ಸೋಲಾರ್ ಫಲಕ ನಿದ್ದೆ ಮಾಡುತ್ತದೆ, ಆದರೆ ಇನ್ವರ್ಟರ್ ಎಚ್ಚರವಾಗಿರಬಹುದು. ವೋಲ್ಟೇಜನ್ನು ಏರಿಸಿ ಇಳಿಸಲು ಬಿಸಿಲು ಬೇಕಿಲ್ಲ, ಜಾಲದಿಂದಲೇ ಪಡೆದ ಅಲ್ಪ ಶಕ್ತಿ ಸಾಕು. ಇಂಗ್ಲೆಂಡಿನಲ್ಲಿ 2019ರಲ್ಲಿ ಒಂದು ಸೋಲಾರ್ ಕೇಂದ್ರ ರಾತ್ರಿ ಹೊತ್ತು ಈ ಕೆಲಸ ಮಾಡಿ ತೋರಿಸಿತು.

ಬ್ಯಾಟರಿ ಎಂಬ ಹೊಸ ಕಾವಲುಗಾರ

ದಕ್ಷಿಣ ಆಸ್ಟ್ರೇಲಿಯಾಕ್ಕೆ ಮರಳೋಣ. 2016ರ ಕತ್ತಲಿನ ನಂತರ ಆ ರಾಜ್ಯ ಹೊಸ ಕಲ್ಲಿದ್ದಲು ಕೇಂದ್ರ ಕಟ್ಟಲು ಹೋಗಲಿಲ್ಲ. ಜೇಮ್ಸ್‌ಟೌನ್ ಎಂಬ ಪಟ್ಟಣದ ಬಳಿ, ಹಾರ್ನ್ಸ್‌ಡೇಲ್ ಗಾಳಿ ವಿದ್ಯುತ್ ಕೇಂದ್ರದ ಪಕ್ಕದಲ್ಲಿ, 100 ಮೆಗಾವಾಟ್‌ನ ಲಿಥಿಯಂ ಬ್ಯಾಟರಿ ನಿಲ್ಲಿಸಿತು. ಒಪ್ಪಂದದ ದಿನದಿಂದ 100 ದಿನದೊಳಗೆ ಮುಗಿಸುತ್ತೇನೆ, ಇಲ್ಲವಾದರೆ ಹಣ ಬೇಡ ಎಂದು ಟೆಸ್ಲಾದ ಎಲಾನ್ ಮಸ್ಕ್ ಮಾತು ಕೊಟ್ಟಿದ್ದರು. 2017ರ ಡಿಸೆಂಬರ್ 1ಕ್ಕೆ ಅದು ಚಾಲನೆಯಾಯಿತು. ಆಗ ಅದು ಜಗತ್ತಿನಲ್ಲೇ ದೊಡ್ಡ ಲಿಥಿಯಂ ಬ್ಯಾಟರಿ.

ಎರಡು ವಾರದಲ್ಲೇ ಅದರ ಗುಣ ಕಂಡಿತು. ಡಿಸೆಂಬರ್ 14ರ ನಸುಕಿನಲ್ಲಿ ಸುಮಾರು ಸಾವಿರ ಕಿಲೋಮೀಟರ್ ದೂರದ ವಿಕ್ಟೋರಿಯಾದ ಲಾಯ್ ಯಾಂಗ್ ಕಲ್ಲಿದ್ದಲು ಕೇಂದ್ರದ ಘಟಕವೊಂದು 560 ಮೆಗಾವಾಟ್ ಸಮೇತ ಟ್ರಿಪ್ ಆಯಿತು. ಆವರ್ತನ 49.80ಕ್ಕೆ ಇಳಿಯುತ್ತಿದ್ದಂತೆ ಬ್ಯಾಟರಿ ಜಾಲಕ್ಕೆ ಶಕ್ತಿ ತುಂಬತೊಡಗಿತು. ಅದು ಕೊಟ್ಟದ್ದು ಏಳು ಮೆಗಾವಾಟ್‌ನ ಆಸುಪಾಸು, ದೊಡ್ಡ ಮೊತ್ತವೇನಲ್ಲ. ಎಂಜಿನಿಯರುಗಳ ಗಮನ ಸೆಳೆದದ್ದು ಅದರ ವೇಗ. ಆ ಕೆಲಸಕ್ಕೆಂದೇ ಗುತ್ತಿಗೆ ಪಡೆದಿದ್ದ ದೊಡ್ಡ ಘಟಕ ಎಚ್ಚೆತ್ತುಕೊಳ್ಳುವ ಮೊದಲೇ ಬ್ಯಾಟರಿ ಕೆಲಸ ಶುರು ಮಾಡಿತ್ತು.

ದೊಡ್ಡ ಪರೀಕ್ಷೆ 2020ರಲ್ಲಿ ಬಂತು. ಜನವರಿ 31ರ ಬಿರುಗಾಳಿಗೆ ವಿಕ್ಟೋರಿಯಾದಲ್ಲಿ ಗೋಪುರಗಳು ಉರುಳಿ ದಕ್ಷಿಣ ಆಸ್ಟ್ರೇಲಿಯಾ ಮತ್ತೆ ಒಂಟಿಯಾಯಿತು. ಈ ಸಲ ಕತ್ತಲಾಗಲಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಆ ರಾಜ್ಯ ದ್ವೀಪದಂತೆ ಪ್ರತ್ಯೇಕವಾಗಿ ನಡೆಯಿತು, ಗ್ಯಾಸ್ ಘಟಕಗಳ ಜೊತೆ ರಾಜ್ಯದ ಬ್ಯಾಟರಿಗಳು ಆವರ್ತನ ಕಾದವು. ಮುಂದಿನ ವರ್ಷ ಡೇವನ್‌ಪೋರ್ಟ್ ಮತ್ತು ರಾಬರ್ಟ್ಸ್‌ಟೌನ್‌ಗಳಲ್ಲಿ ನಾಲ್ಕು ಸಿಂಕ್ರೊನಸ್ ಕಂಡೆನ್ಸರುಗಳು ಬಂದವು. ಇವು ಏನನ್ನೂ ಸುಡದೆ ಸುಮ್ಮನೆ ತಿರುಗುತ್ತಿರುವ ಭಾರದ ಯಂತ್ರಗಳು. ಕಲ್ಲಿದ್ದಲು ಟರ್ಬೈನಿನಿಂದ ಸಿಗುತ್ತಿದ್ದ ಜಡತ್ವವನ್ನು ಕಲ್ಲಿದ್ದಲಿಲ್ಲದೆಯೇ ಪಡೆಯುವ ದಾರಿ ಇದು. ಅವು ಬಂದ ಮೇಲೆ, ಸ್ಥಿರತೆಗೆಂದೇ ಉರಿಸುತ್ತಿದ್ದ ಗ್ಯಾಸ್ ಘಟಕಗಳ ಸಂಖ್ಯೆಯನ್ನು ಇಳಿಸಲು ಸಾಧ್ಯವಾಯಿತು.

ಇನ್ನೂ ಮುಂದಿನ ಹೆಜ್ಜೆಯನ್ನು ಅರ್ಥಮಾಡಿಕೊಳ್ಳಲು ನಮ್ಮ ಮನೆಯೊಳಗಿನ ಎರಡು ಪೆಟ್ಟಿಗೆ ಸಾಕು. ಕರೆಂಟು ಹೋದಾಗ ಚಾವಣಿಯ ಸಾಮಾನ್ಯ ಸೋಲಾರ್ ಘಟಕವೂ ನಿಲ್ಲುತ್ತದೆ, ಬಿಸಿಲು ಚುರುಗುಡುತ್ತಿದ್ದರೂ ನಿಲ್ಲುತ್ತದೆ. ತಂತಿ ಸರಿಪಡಿಸಲು ಕಂಬ ಹತ್ತಿದ ಲೈನ್‌ಮನ್‌ಗೆ ಅಪಾಯವಾಗಬಾರದೆಂಬ ನಿಯಮ ಒಂದು ಕಾರಣ. ಅದರ ಇನ್ವರ್ಟರ್ ಜಾಲದ ಲಯವನ್ನು ಕೇಳಿಸಿಕೊಂಡು ಅದಕ್ಕೆ ದನಿಗೂಡಿಸುವಂಥದ್ದು, ತಾನೇ ಲಯ ಹುಟ್ಟಿಸುವಂಥದ್ದಲ್ಲ ಎಂಬುದು ಇನ್ನೊಂದು ಕಾರಣ. ಆದರೆ ಅದೇ ಮನೆಯ ಮೂಲೆಯಲ್ಲಿ ಬ್ಯಾಟರಿಯ ಮೇಲೆ ಕೂತ ಯು.ಪಿ.ಎಸ್. ಕರೆಂಟು ಹೋದ ಕ್ಷಣ ಎಚ್ಚೆತ್ತು ತಾನೇ 50 ಹರ್ಟ್ಸ್ ಸೃಷ್ಟಿಸಿ ಫ್ಯಾನು ತಿರುಗಿಸುತ್ತದೆ. ಈ ಎರಡನೆಯ ಬಗೆಯ ಇನ್ವರ್ಟರನ್ನು ನೂರು ಮೆಗಾವಾಟ್ ಗಾತ್ರಕ್ಕೆ ಬೆಳೆಸಿ, ಜಾಲದ ಜೊತೆ ಸೇರಿಯೂ ಲಯ ಹಿಡಿದು ನಿಲ್ಲುವಂತೆ ಮಾಡುವುದೇ ಇಂದಿನ ದೊಡ್ಡ ಕೆಲಸ. ಎಂಜಿನಿಯರುಗಳು ಇದನ್ನು ಗ್ರಿಡ್ ಫಾರ್ಮಿಂಗ್ ಎನ್ನುತ್ತಾರೆ. ದಕ್ಷಿಣ ಆಸ್ಟ್ರೇಲಿಯಾದ ಡಾಲ್ರಿಂಪಲ್ ಎಂಬಲ್ಲಿ 2018ರಿಂದ 30 ಮೆಗಾವಾಟ್‌ನ ಇಂಥ ಬ್ಯಾಟರಿಯೊಂದಿದೆ. ಮುಖ್ಯ ಮಾರ್ಗ ಕಡಿದರೂ ಅದು ಪಕ್ಕದ ಗಾಳಿ ಕೇಂದ್ರದ ಜೊತೆ ಸೇರಿ ಆ ಭಾಗದ ಊರುಗಳಿಗೆ ಕರೆಂಟು ಕೊಡಬಲ್ಲದು. 2022ರಲ್ಲಿ ಹಾರ್ನ್ಸ್‌ಡೇಲ್ ಬ್ಯಾಟರಿಗೂ ತಂತ್ರಾಂಶದ ಮೂಲಕ ಜಡತ್ವ ಕೊಡಲು ಅನುಮತಿ ಸಿಕ್ಕಿತು. ಉಕ್ಕಿನ ಭಾರ ಮಾಡುತ್ತಿದ್ದ ಕೆಲಸಕ್ಕೆ ಲೆಕ್ಕಾಚಾರವೂ ನಿಲ್ಲಬಲ್ಲದೆಂದು ಹೀಗೆ ಅಧಿಕೃತವಾಗಿ ಒಪ್ಪಿದಂತಾಯಿತು.

ನಮ್ಮ ಜಾಲ, ನಮ್ಮ ಕೆಲಸ

ಇದೆಲ್ಲ ದೂರದ ದೇಶಗಳ ಸುದ್ದಿಯಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲಿದೆ. ದಕ್ಷಿಣ ಭಾರತದ ಜಾಲವನ್ನು ಕಾಯುವ ಪ್ರಾದೇಶಿಕ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲೇ ಇದೆ. ಸೂಚನೆ ತಪ್ಪಿದರೆ ಏನಾಗುತ್ತದೆಂಬುದನ್ನು ನಮ್ಮ ದೇಶವೂ ಕಂಡಿದೆ. 2022ರಲ್ಲಿ ರಾಜಸ್ಥಾನದಲ್ಲಿ ವೋಲ್ಟೇಜ್ ಏರುಪೇರಾದಾಗ ಸಾವಿರ ಮೆಗಾವಾಟ್‌ಗೂ ಹೆಚ್ಚು ಸೋಲಾರ್, ಗಾಳಿ ವಿದ್ಯುತ್ತು ಒಟ್ಟಿಗೆ ಕಳಚಿಕೊಂಡ ಘಟನೆಗಳು ನಡೆದವು. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಏರುಪೇರಿನಲ್ಲೂ ನಿಲ್ಲಬೇಕು ಎನ್ನುತ್ತವೆ, 2019ರ ತಿದ್ದುಪಡಿ ಆವರ್ತನಕ್ಕೆ ಸ್ಪಂದಿಸಬೇಕೆಂದೂ ಹೇಳುತ್ತದೆ. 2023ರ ಅಕ್ಟೋಬರಿನಲ್ಲಿ ಹೊಸ ಗ್ರಿಡ್ ಸಂಹಿತೆ ಜಾರಿಗೆ ಬಂದಿದೆ. ಕಾಗದದ ಮೇಲೆ ನಾವು ಹಿಂದುಳಿದಿಲ್ಲ. ಕಾಗದದಲ್ಲಿರುವುದು ಗುಡ್ಡದ ಮೇಲಿನ ಯಂತ್ರದ ತಂತ್ರಾಂಶದಲ್ಲೂ ಇದೆಯೇ ಎಂದು ಒಂದೊಂದು ಕೇಂದ್ರಕ್ಕೂ ಹೋಗಿ ಪರೀಕ್ಷಿಸುವುದೇ ಉಳಿದಿರುವ ಕೆಲಸ.

ಸ್ಥಿರತೆಯನ್ನು ಬಳಕೆಯ ಕಡೆಯಿಂದಲೂ ಕಾಯಬಹುದು. ನಮ್ಮ ರಾಜ್ಯದ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಕೃಷಿ ಪಂಪ್‌ಸೆಟ್ಟುಗಳದ್ದು. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವಾಗ ಅದರಲ್ಲಿ ಕೆಲವು ಗಂಟೆ ರಾತ್ರಿಗೆ ಬೀಳುತ್ತಿತ್ತು. ಹಾವು, ಆನೆ, ಚಿರತೆಗಳ ಭಯದಲ್ಲಿ ರೈತ ನಡುರಾತ್ರಿ ತೋಟಕ್ಕೆ ಹೋಗಬೇಕಿತ್ತು. ಮಧ್ಯಾಹ್ನದ ಸೋಲಾರ್ ಹೆಚ್ಚಿದಂತೆ ಆ ಪಂಪುಗಳನ್ನು ಹಗಲಿಗೆ ತರಲು ಸಾಧ್ಯವಾಗಿದೆ. ಬಿಸಿಲು ಉಕ್ಕುವಾಗ ಬಾವಿಯ ನೀರು ಮೇಲೆತ್ತಿದರೆ ಜಾಲಕ್ಕೂ ಹೊರೆ ಹಗುರ, ರೈತನಿಗೂ ನಿದ್ದೆ. ಸ್ಥಿರತೆಯ ಲಾಭ ಯಾರಿಗೆ ಸಿಗಬೇಕೆಂದು ಕೇಳಿದರೆ ನಾನು ಮೊದಲು ಹೇಳುವುದು ಈ ರೈತನ ಹೆಸರನ್ನೇ.

ಸಂಜೆಯ ಪ್ರಶ್ನೆ ಉಳಿಯುತ್ತದೆ. ಬಿಸಿಲು ಇಳಿದು ಮನೆಗಳಲ್ಲಿ ದೀಪ ಹತ್ತುವ ಆ ಎರಡು ಮೂರು ಗಂಟೆಗಳಿಗೆ ಕೂಡಿಟ್ಟ ಶಕ್ತಿ ಬೇಕು. ಅದಕ್ಕಾಗಿ ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪಿಸಲಾಗಿದೆ. ಹಗಲು ನೀರನ್ನು ಮೇಲೆತ್ತಿ ಸಂಜೆ ಹರಿಸುವ ತಂತ್ರ ಹಳೆಯದು, ಜಾಲಕ್ಕೆ ಒಳ್ಳೆಯದೂ ಹೌದು. ಆದರೆ ಅದು ಬರುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಮಲೆನಾಡಿನ ಜನ ಲಿಂಗನಮಕ್ಕಿ ಅಣೆಕಟ್ಟಿನ ಕಾಲದಿಂದಲೂ ನಾಡಿನ ಬೆಳಕಿಗಾಗಿ ನೆಲ ಕಳೆದುಕೊಂಡವರು. ಸೋಲಾರ್ ಕೇಂದ್ರದ ಪಕ್ಕದಲ್ಲೇ, ಬಯಲು ನೆಲದಲ್ಲೇ, ಬ್ಯಾಟರಿ ನಿಲ್ಲಿಸಿ ಇದರಲ್ಲಿ ಎಷ್ಟು ಕೆಲಸ ಮಾಡಬಹುದೆಂದು ಪ್ರಾಮಾಣಿಕವಾಗಿ ಲೆಕ್ಕ ಹಾಕದೆ ಕಾಡಿಗೆ ಕೊಡಲಿ ಹಾಕುವುದು ನ್ಯಾಯವಲ್ಲ. ಆವರ್ತನವನ್ನು ಸೆಕೆಂಡುಗಳ ಲೆಕ್ಕದಲ್ಲಿ ಕಾಯಲು ಬ್ಯಾಟರಿ ನೀರಿಗಿಂತ ಚುರುಕೆಂಬುದನ್ನಂತೂ ಆಸ್ಟ್ರೇಲಿಯಾ ತೋರಿಸಿಕೊಟ್ಟಿದೆ.

ನಮ್ಮಲ್ಲಿ ಸೋಲಾರ್ ಕೇಂದ್ರದ ಟೆಂಡರ್ ಕರೆದಾಗಲೆಲ್ಲ ಸುದ್ದಿಯಾಗುವುದು ಒಂದೇ ಅಂಕಿ: ಯೂನಿಟ್ಟಿಗೆ ಎಷ್ಟು ರೂಪಾಯಿ. ಜಾಲ ಸ್ಥಿರವಾಗಿರಬೇಕಾದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು. ಆವರ್ತನ ಕುಸಿದರೆ ಈ ಕೇಂದ್ರ ಎಷ್ಟು ಬೇಗ ಸ್ಪಂದಿಸುತ್ತದೆ? ವೋಲ್ಟೇಜ್ ಏರುಪೇರಾದರೆ ನಿಲ್ಲುತ್ತದೋ ಓಡುತ್ತದೋ? ರಾತ್ರಿ ವೋಲ್ಟೇಜ್ ಕಾಯುತ್ತದೆಯೇ? ಜಾಲ ಪೂರ್ತಿ ಬಿದ್ದರೆ ಅದನ್ನು ಎಬ್ಬಿಸಲು ನೆರವಾಗುತ್ತದೆಯೇ? ಇವುಗಳಿಗೆ ಉತ್ತರ ಕೊಡಬಲ್ಲ ಯಂತ್ರಗಳು ಇವತ್ತು ಮಾರುಕಟ್ಟೆಯಲ್ಲಿವೆ. ವಿದ್ಯುತ್ ದರ ನಿಗದಿಗೆ ಮುನ್ನ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ಅಹವಾಲು ಸಭೆ ನಡೆಸುತ್ತದೆ, ಅಲ್ಲಿ ಯಾವ ಗ್ರಾಹಕರೂ ಎದ್ದು ನಿಂತು ಮಾತಾಡಬಹುದು. ದರ ಏರಿಸಬೇಡಿ ಎನ್ನುವ ದನಿಗಳ ಜೊತೆ ಈ ನಾಲ್ಕು ಪ್ರಶ್ನೆಗಳೂ ಅಲ್ಲಿ ಕೇಳಿಸಬೇಕು. ನಾವು ಕೇಳಿದರೆ ಅವು ಟೆಂಡರಿನ ಷರತ್ತಿಗೆ ಬರುತ್ತವೆ, ಷರತ್ತಿಗೆ ಬಂದರೆ ಪಾವಗಡದ ಬಿಸಿಲೂ ಗದಗದ ಗಾಳಿಯೂ ಐವತ್ತರ ಕಾವಲಿಗೆ ನಿಲ್ಲುತ್ತವೆ.